ನಲವತ್ತೊಂದಕ್ಕೆ ಡಬ್ಬಿ ಇರಲಿಲ್ಲ

ಜನವರಿಯ ಒಂದು ಸೋಮವಾರ ನಮ್ಮ ಪ್ರಾಚಾರ್ಯರು ನನ್ನ ಹಾಜರಿ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು, ಕನ್ನಡಕವನ್ನು ಹಣೆಗೇರಿಸಿ, “ಮೇಡಮ್, ಮಂಗಳವಾರ ಶುಕ್ರವಾರ ನಿಮ್ಮ ಗಣಿತಕ್ಕ ಏನರ ಜಡ್ಡು ಬರತದೇನ್ರಿ?” ಎಂದು ಕೇಳಿದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದರಲ್ಲಿ ನಾನು ಬಿ.ಎಸ್ಸಿ. ಎರಡನೆಯ ವರ್ಷದವರಿಗೆ ಗಣಿತ ಕಲಿಸುತ್ತಿದ್ದೆ. ವಾರಕ್ಕೆ ಆರು ಪಿರಿಯಡ್ಡು. ನಾಲ್ಕು ಬೆಳಿಗ್ಗೆ ಎಂಟಕ್ಕೆ, ಉಳಿದೆರಡು ಮಂಗಳವಾರ ಮತ್ತು ಶುಕ್ರವಾರ ಹನ್ನೊಂದಕ್ಕೆ. ಎಂಟಕ್ಕೆ ಕೋಣೆ ತುಂಬಿರುತ್ತಿತ್ತು, ಹನ್ನೊಂದಕ್ಕೆ ಅರ್ಧ ಬೆಂಚು ಖಾಲಿ. ಟರ್ಮಿನಲ್ಲಿ ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದವರ ಹೆಸರು ಒಂದು ಪಟ್ಟಿಗೆ ಹೋಗುತ್ತಿತ್ತು. ಪಟ್ಟಿಗೆ ಹೋದವನು ಪರೀಕ್ಷೆಗೆ ಕೂರುವಂತಿಲ್ಲ. ನನ್ನ ವಿಷಯದ ಪಟ್ಟಿಗೆ ರುಜು ಹಾಕಬೇಕಾದವಳು ನಾನೇ. ಆಗಿನ ಲೆಕ್ಕದಲ್ಲಿ ಅರ್ಧ ತರಗತಿ ಆ ಪಟ್ಟಿಯ ಬಾಗಿಲಲ್ಲಿ ನಿಂತಿತ್ತು.

ಬೈದರೆ ನನಗೆ ಸಿಟ್ಟು ಬರುತ್ತದೆ, ಒಗಟು ಹಾಕಿದರೆ ನಿದ್ದೆ ಬರುವುದಿಲ್ಲ. ಪ್ರಾಚಾರ್ಯರು ಎರಡನ್ನೂ ಒಟ್ಟಿಗೆ ಮಾಡಿದ್ದರು.

ಮೊದಲು ನನ್ನನ್ನೇ ಅನುಮಾನಿಸಿದೆ. ಹನ್ನೊಂದರ ಪಿರಿಯಡ್ಡಿಗೆ ನಾನು ಇಂಟಿಗ್ರೇಶನ್ ಇಟ್ಟುಕೊಂಡಿದ್ದೆ. ಅದು ಕೇಳುವವರಿಗಿಂತ ಹೇಳುವವರಿಗೇ ಹೆಚ್ಚು ಬೇಸರ ತರುವ ಪಾಠ. ಅದನ್ನು ಎಂಟಕ್ಕೆ ಒಯ್ದು ಹನ್ನೊಂದಕ್ಕೆ ಸುಲಭದ್ದನ್ನು ಹೇಳಿದೆ. ಖಾಲಿ ಬೆಂಚು ಖಾಲಿಯೇ. ಶುಕ್ರವಾರ ಹನ್ನೊಂದಕ್ಕೆ ಕಿರುಪರೀಕ್ಷೆ ಇಟ್ಟೆ. ಬಂದವರು ಬರೆದರು. ಬಾರದವರು ಶನಿವಾರ ಎಂಟಕ್ಕೆ ಬಂದು, “ನಮಗೂ ಪೇಪರ್ ಕೊಡ್ರಿ ಮೇಡಮ್” ಎಂದು ಕೈಯೊಡ್ಡಿದರು. ಪಾಠದ ಮೇಲೆ ದ್ವೇಷವಿದ್ದವರು ಹೀಗೆ ಮಾಡುವುದಿಲ್ಲ.

ಆಮೇಲೆ ಗೈರಾದವರ ನಂಬರಿನ ಮುಂದೆ ಊರು ಬರೆಯುತ್ತ ಹೋದೆ. ಹುನಗುಂದ, ಇಳಕಲ್ಲು, ಶಿರೂರು, ಬಾದಾಮಿ ಕಡೆಯ ಹಳ್ಳಿಗಳು. ಬಾಗಲಕೋಟೆಯ ಸ್ವಂತ ಮನೆಯಿಂದ ಬರುವವರು ಒಬ್ಬರೂ ಇಲ್ಲ. ಹುಡುಗಿಯರೂ ಇಲ್ಲ. ಜಾಣರು ದಡ್ಡರೆಂಬ ಭೇದವೂ ಇಲ್ಲ. ಎಲ್ಲರೂ ಊರೊಳಗೆ ಬಾಡಿಗೆ ರೂಮು ಹಿಡಿದಿದ್ದ ಹುಡುಗರು. ಆ ಕಾಗದವನ್ನು ನೋಡುತ್ತ ವರಾಂಡದಲ್ಲಿ ಕೂತಿದ್ದಾಗ ನಮ್ಮ ಸಿಪಾಯಿ ಬಂದ. ಕಾಲೇಜು ಶುರುವಾದಾಗಿನಿಂದ ಗಂಟೆ ಹೊಡೆಯುತ್ತಿದ್ದ ಆ ಮುಸಲ್ಮಾನ ಹಿರಿಯನನ್ನು ಎಲ್ಲರೂ ಚಾಚಾ ಎನ್ನುತ್ತಿದ್ದೆವು.

“ಬಾಯಾರ, ಆ ಕಾಗದದಾಗ ಏನ್ ಹುಡಕ್ತೀರಿ? ಹನ್ನೊಂದಕ್ಕ ಬಸ್‌ಸ್ಟ್ಯಾಂಡಿಗೆ ಹೋಗಿ ನೋಡ್ರಿ. ನಿಮ್ಮ ಕ್ಲಾಸ್ ಅಲ್ಲೇ ನಡದಿರತದ.”

ಮರುದಿನ ಅರ್ಧ ದಿನದ ರಜೆ ಹಾಕಿ ಹೋದೆ.

ಹನ್ನೊಂದಕ್ಕೆ ಸ್ವಲ್ಪ ಮುಂಚೆ ಹುನಗುಂದದ ಬಸ್ಸು, ಅದರ ಹಿಂದೆಯೇ ಬಾದಾಮಿಯ ಬಸ್ಸು ಬಂದು ನಿಂತವು. ಜನ ಇಳಿಯುವ ಮೊದಲೇ ಒಬ್ಬ ಹುಡುಗ ಹಿಂದಿನ ಏಣಿ ಹತ್ತಿ ಬಸ್ಸಿನ ನೆತ್ತಿಗೆ ಹೋಗಿದ್ದ. ಅಲ್ಲಿಂದ ಬುತ್ತಿ ಡಬ್ಬಿಗಳು ಒಂದೊಂದಾಗಿ ಇಳಿಯತೊಡಗಿದವು. ಯಾವುದಕ್ಕೂ ಹೆಸರಿಲ್ಲ. ಕಟ್ಟಿದ ಅರಿವೆ ನೋಡಿ ಅವನು ಕೂಗುತ್ತಿದ್ದ. “ಬನಶಂಕರಿ ಬಂತಲೇ! ಶಿರೂರ ಕೆಂಪ ಅರಬಿ, ಹಿಡಿ! ಲೇ ಇಳಕಲ್ಲ, ನಿಮ್ಮವ್ವ ಇವತ್ತ ಗಂಟ ಸಡ್ಲ ಕಟ್ಯಾಳ, ಸಾವಕಾಶ!” ಕೆಳಗೆ ನನ್ನ ಅರ್ಧ ತರಗತಿ ಕೈ ಚಾಚಿ ನಿಂತಿತ್ತು. ಮೇಲಿದ್ದವನು ನನ್ನ ಹಾಜರಿಯ ನಲವತ್ತೊಂದನೆಯ ನಂಬರು. ಎಂಟರ ಪಿರಿಯಡ್ಡಿನಲ್ಲಿ “ಹಾಜರ್” ಎನ್ನುವುದನ್ನೂ ನುಂಗಿ ಹೇಳುವ ಹುಡುಗ ಇವನೇನಾ ಎಂದು ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ನಾನು ಬಾಗಲಕೋಟೆಯಲ್ಲೇ ಹುಟ್ಟಿ ಬೆಳೆದವಳು. ರೂಮಿನಲ್ಲಿರುವ ಹುಡುಗರಿಗೆ ಮನೆಯ ಬುತ್ತಿ ಬಸ್ಸಿನಲ್ಲಿ ಬರುತ್ತದೆಂದು ಗೊತ್ತಿತ್ತು. ಆದರೆ ಅವ್ವನ ಕೈಯ ಬಿಸಿ ರೊಟ್ಟಿ ತಿಂದು ಕಾಲೇಜಿಗೆ ಹೋದವಳಿಗೆ ಬುತ್ತಿಗೂ ಒಂದು ವೇಳೆ ಇರುತ್ತದೆ ಎಂಬುದು ಹೊಳೆದಿರಲಿಲ್ಲ. ಬಸ್ಸು ಅರ್ಧ ಗಂಟೆ ನಿಂತು ತಿರುಗಿ ಹೋಗುತ್ತಿತ್ತು. ನಿನ್ನೆಯ ಖಾಲಿ ಡಬ್ಬಿ ಅದೇ ಬಸ್ಸಿಗೆ ಹತ್ತಬೇಕು. ತಪ್ಪಿದರೆ ನಾಳೆ ತುಂಬಿ ಕಳಿಸಲು ತಾಯಿಯ ಹತ್ತಿರ ಡಬ್ಬಿಯೇ ಇರುವುದಿಲ್ಲ. ಉಳಿದ ನಾಲ್ಕು ದಿನ ಹನ್ನೊಂದಕ್ಕೆ ಪ್ರಾಕ್ಟಿಕಲ್ಲು, ತಡವಾಗಿ ಹೋದರೂ ಯಾರೂ ಕೇಳುತ್ತಿರಲಿಲ್ಲ. ನನ್ನ ಎರಡು ದಿನ ಮಾತ್ರ ಬಸ್ಸಿಗೂ ಗಣಿತಕ್ಕೂ ಡಿಕ್ಕಿಯಾಗುತ್ತಿತ್ತು.

ಹುಡುಗರು ಡಬ್ಬಿ ಹಿಡಿದು ಗೋಡೆಯ ನೆರಳಿಗೆ ಹೋಗಿ ಕೂತರು. ಹೆಂಗಸೊಬ್ಬಳು ಸುಮ್ಮನೆ ನಿಂತರೆ ಬಸ್‌ಸ್ಟ್ಯಾಂಡು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತದೆ. ಒಗಟು ಬಿಡಿಸಿದ ಸಂಭ್ರಮವೂ ಇತ್ತು. ನಾನು ಅಲ್ಲಿಂದ ಹೊರಟೆ. ಇನ್ನು ಹತ್ತು ನಿಮಿಷ ನಿಂತಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

ಉಪಾಯ ದಾರಿಯಲ್ಲೇ ಹುಟ್ಟಿತು. ಚಾಚಾ ಒಂದು ಕೈಗಾಡಿ ತಗೊಂಡು ಖಾಲಿ ಡಬ್ಬಿಗಳನ್ನು ಬಸ್‌ಸ್ಟ್ಯಾಂಡಿಗೆ ಒಯ್ಯಬೇಕು, ತುಂಬಿದವುಗಳನ್ನು ತಂದು ಹನ್ನೆರಡರೊಳಗೆ ನಮ್ಮ ವರಾಂಡದ ಮೇಜಿನ ಮೇಲೆ ಇಡಬೇಕು. ಹುಡುಗರು ತರಗತಿಯಲ್ಲಿರಬೇಕು. ಪ್ರಾಚಾರ್ಯರು ಕೂಡಲೇ ಒಪ್ಪಿದರು. ಚಾಚಾ ಮಾತ್ರ ಕಿವಿ ಕೆರೆದುಕೊಂಡ.

“ತರತೇನ್ರಿ ಬಾಯಾರ, ಅದೇನ ದೊಡ್ಡ ಮಾತಲ್ಲ. ಆದ್ರ ಅಲ್ಲೆ ಇಳಸಾಂವ ಒಬ್ಬ ಅದಾನಲ್ರಿ.”

“ಅವನೂ ಕ್ಲಾಸಿನ್ಯಾಗ ಕುಂದರಲಿ ಚಾಚಾ. ಅವನ ಕೆಲಸ ನಿಮಗ ಬಂತು, ಅವಗ ಗಣಿತ ಬರ್ತದ.”

ನನ್ನ ಮಾತಿಗೆ ನಾನೇ ನಕ್ಕೆ. ಚಾಚಾ ನಗಲಿಲ್ಲ.

ಅರಿವೆಯ ಗುರುತು ಚಾಚಾನಿಗೆ ತಿಳಿಯುವುದಿಲ್ಲವಲ್ಲ. ಶನಿವಾರ ಊಟವಾದ ಮೇಲೆ ಖಾಲಿ ಡಬ್ಬಿಗಳನ್ನೆಲ್ಲ ವರಾಂಡದಲ್ಲಿ ಸಾಲಾಗಿ ಇಡಿಸಿ, ಕೆಂಪು ಬಣ್ಣದಲ್ಲಿ ಮುಚ್ಚಳದ ಮೇಲೆ ಹಾಜರಿ ನಂಬರು ಬರೆದೆ. ನಲವತ್ತು ಬರೆದೆ, ನಲವತ್ತೆರಡು ಬರೆದೆ. ನಡುವಿನದು ಇಲ್ಲದಿರುವುದು ಕಣ್ಣಿಗೆ ಬಿತ್ತು. ರೂಮಿದ್ದರೂ ಹಾಸ್ಟೆಲಿನಲ್ಲಿ ಉಣ್ಣುವವನಿರಬೇಕು ಅಂದುಕೊಂಡೆ. ಹಾಸ್ಟೆಲಿನಲ್ಲಿ ಉಣ್ಣುವವನು ದಿನಾ ಬಸ್ಸಿನ ನೆತ್ತಿ ಏಕೆ ಹತ್ತುತ್ತಾನೆ ಎಂದು ಕೇಳಿಕೊಳ್ಳಬೇಕಾದ ಬುದ್ಧಿ ಅಂದು ರಜೆಯಲ್ಲಿತ್ತು.

ಸೋಮವಾರದಿಂದ ಗಾಡಿ ಓಡಿತು. ಆ ವಾರ ಹನ್ನೊಂದಕ್ಕೂ ಬೆಂಚು ತುಂಬಿದವು. ಸಿಬ್ಬಂದಿ ಸಭೆಯಲ್ಲಿ ಪ್ರಾಚಾರ್ಯರು ನನ್ನತ್ತ ಕೈ ಮಾಡಿ, “ಕೆಲಸ ಅಂದ್ರ ಹಿಂಗ ಮಾಡ್ಬೇಕ್ರೀಪಾ” ಎಂದರು. ನಾನು ತಲೆ ತಗ್ಗಿಸಿದೆ, ಆದರೆ ಒಳಗೆ ಪೂರಿಯ ಹಾಗೆ ಉಬ್ಬಿದ್ದೆ.

ವಾರದ ಕೊನೆಗೆ ಹಾಜರಿಯ ಮೊತ್ತ ಹಾಕುವುದು ನನ್ನ ಚಟ. ಎರಡನೆಯ ವಾರ ಎಲ್ಲರ ಮೊತ್ತ ಏರಿತ್ತು, ಒಂದನ್ನು ಬಿಟ್ಟು. ಮೊದಲ ವಾರ ಆರಕ್ಕೆ ಆರೂ ಬಂದಿದ್ದ ನಲವತ್ತೊಂದು ಈಗ ಆರೂ ಗೈರು. ತರಗತಿಯಲ್ಲಿ ಕೇಳಿದರೆ “ಊರಿಗೆ ಹೋಗ್ಯಾನ್ರಿ” ಎಂದರು. ಮೂರನೆಯ ವಾರವೂ ಗೈರು. ಕೇಳಿದರೆ ಬೆಂಚು ನೋಡಿದರು. ನಾಲ್ಕನೆಯ ವಾರ ಮತ್ತೆ ಅದೇ. ಗೈರುಹಾಜರಿ ತಪ್ಪಿಸುವ ಉಪಾಯದಿಂದ ಒಬ್ಬನು ಮಾತ್ರ ಗೈರಾಗುವುದು ಹೇಗೆ? ಕೊನೆಗೆ ಚಾಚಾನನ್ನೇ ಹಿಡಿದೆ.

“ನಾ ಅವತ್ತೇ ಹೇಳಾಕ ಬಂದಿದ್ದೆ. ನೀವು ನಕ್ಕ ಬಿಟ್ರಿ” ಎಂದು ಚಾಚಾ ಶುರುಮಾಡಿದ.

ಹುಡುಗನದು ಬಾದಾಮಿ ಕಡೆಯ ಕುರುಬರ ಮನೆ. ವರ್ಷದ ಬಹುಪಾಲು ತಂದೆತಾಯಿ ಕುರಿಯ ಹಿಂಡಿನೊಂದಿಗೆ ಊರೂರು ತಿರುಗುತ್ತಾರೆ. ಇವತ್ತು ಒಬ್ಬರ ಹೊಲ, ನಾಲ್ಕು ದಿನ ಬಿಟ್ಟು ಇನ್ನೊಬ್ಬರದು. ಒಲೆ ಒಂದು ಕಡೆ ನಿಲ್ಲದವರು ಯಾವ ಬಸ್ಸಿಗೆ ಡಬ್ಬಿ ಇಡುತ್ತಾರೆ? ಅದಕ್ಕೇ ಅವನಿಗೆ ಡಬ್ಬಿ ಇರಲಿಲ್ಲ. ಅವನು ಎಲ್ಲರ ಡಬ್ಬಿ ಇಳಿಸುತ್ತಿದ್ದ, ಖಾಲಿಯವನ್ನು ಎಣಿಸಿ ಹತ್ತಿಸುತ್ತಿದ್ದ, ಬಸ್ಸು ತಡವಾದರೆ ಕಾಯುತ್ತಿದ್ದ. ಅದಕ್ಕೆ ಪ್ರತಿ ಡಬ್ಬಿಯಿಂದ ಅರ್ಧ ರೊಟ್ಟಿ, ಒಂದು ಚೂರು ಪಲ್ಯ. ಮಧ್ಯಾಹ್ನಕ್ಕೂ ಆಯಿತು, ರಾತ್ರಿಗೂ ಉಳಿಯಿತು. ಬರಬರುತ್ತ ಮನೆಗಳಲ್ಲೂ ಗೊತ್ತಾಗಿ ತಾಯಂದಿರು ಒಂದು ರೊಟ್ಟಿ ಹೆಚ್ಚು ಬಡಿಯುತ್ತಿದ್ದರಂತೆ. ಇಳಕಲ್ಲಿನ ಮುಸಲ್ಮಾನರ ಮನೆಯ ಒಬ್ಬ ತಾಯಿ “ಇಳಸಾಂವಗ” ಎಂದು ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಪುಟ್ಟ ಗಂಟೊಂದನ್ನು ಬೇರೆಯಾಗಿಯೇ ಕಟ್ಟುತ್ತಿದ್ದಳಂತೆ.

“ಗಾಡಿ ಬಂದ ಮ್ಯಾಲೂ ಹುಡುಗ್ರು ಅವನ್ನ ಊಟಕ್ಕ ಕರದ್ರು. ಒಂದೆರಡು ದಿನ ಬಂದ. ಆಮ್ಯಾಲ ಬರಲಿಲ್ಲ.”

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ನಂಬರು ಬರೆದ ಕೈಯನ್ನು ನೋಡಿಕೊಂಡಾಗ ಅಳು ಬಂತು, ಅತ್ತೂಬಿಟ್ಟೆ. ಚಾಚಾ ಗಂಟೆ ಹೊಡೆಯುವ ನೆಪದಲ್ಲಿ ಎದ್ದು ಹೋದ.

ಭಾನುವಾರ ಚಾಚಾನನ್ನು ಕರೆದುಕೊಂಡು ಬಾದಾಮಿಯ ಬಸ್ಸು ಹತ್ತಿದೆ. ಹಿಂಡು ಮಲಪ್ರಭೆಯ ದಂಡೆಯ ಹೊಲವೊಂದರಲ್ಲಿದೆ ಎಂದು ಕಂಡಕ್ಟರನೇ ಹೇಳಿದ. ಇಳಿದು ಎರಡು ಗಂಟೆ ನಡೆದೆವು. ಜೋಳ ಕೊಯ್ದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ನನ್ನ ವಿದ್ಯಾರ್ಥಿ ಕುರಿಗಳ ಸುತ್ತ ಬಲೆ ಕಟ್ಟುವ ಗೂಟ ಬಡಿಯುತ್ತಿದ್ದ. ನನ್ನನ್ನು ಕಂಡು ಕೊಡತಿ ಕೈಯಲ್ಲಿ ಹಿಡಿದೇ ಎದ್ದು ನಿಂತ.

“ತಪ್ಪು ನಂದಪಾ” ಎಂದೆ. “ಹಾಸ್ಟೆಲಿನ್ಯಾಗ ಬಿಟ್ಟಿ ಊಟಕ್ಕ ಹೇಳಿ ಬರ್ತೇನಿ. ನಾಳೆನ ಬಾ.”

“ಬ್ಯಾಡ್ರಿ ಮೇಡಮ್.”

“ಹುಡುಗ್ರು ಕರದ್ರಂತಲ್ಲ, ಅಲ್ಲೆ ಉಣ್ಣಾಕ ಏನಾತು?”

ಅವನು ಕೊಡತಿಯನ್ನು ಗೂಟಕ್ಕೆ ಒರಗಿಸಿದ. “ಕರದಾಗ ಹೋಗೂದು ಬ್ಯಾರೆ ರೀ, ನಂದು ಅಂತ ಹೋಗೂದು ಬ್ಯಾರೆ. ಬಸ್ ಮ್ಯಾಲ ನಾ ಇರಲಿಲ್ಲಂದ್ರ ಅವರಿಗೆ ಊಟ ಇರಲಿಲ್ಲ. ಈಗ ನಾ ಇದ್ರೂ ಅಷ್ಟ, ಇರದಿದ್ರೂ ಅಷ್ಟ.”

ಅವನ ತಂದೆ ಕಂಬಳಿ ಹಾಸಿ ನಮ್ಮನ್ನು ಕೂರಿಸಿದ, ಕುರಿಯ ಹಾಲಿನ ಚಹಾ ಕೊಟ್ಟ. ಮಾತು ಮಾತ್ರ ಖಡಕ್ಕಾಗಿತ್ತು.

“ಬೀರಪ್ಪನ ಆಣಿ, ನಾ ಓದು ಬ್ಯಾಡ ಅಂದಿಲ್ರಿ. ಆದ್ರ ಹಾಜರಿ ಕಡಿಮಿ, ಪರೀಕ್ಷಾಕ್ಕ ಕುಂದರಸೂದಿಲ್ಲ ಅಂತಾನ. ಕುಂದರಸೂದಿದ್ರ ಇವತ್ತ ಕರಕೊಂಡು ಹೋಗ್ರಿ. ಇಲ್ಲಂದ್ರ ಯುಗಾದಿಗೆ ಅರ್ಧ ಹಿಂಡು ಇವನ ಹೆಸರಿಗೆ ಬಿಡತೇನಿ. ನಡುವ ನಿಂದರಬಾರದು ಮನಷಾ.”

ಅಲ್ಲೇ ಕಾಗದ ತೆಗೆದು ಲೆಕ್ಕಕ್ಕೆ ಕೂತೆ. ಆವರೆಗೆ ಎಂಬತ್ತನಾಲ್ಕು ಪಿರಿಯಡ್ಡು ಆಗಿದ್ದವು, ಅವನ ಹಾಜರಿ ನಲವತ್ತೆಂಟು. ಬೇರೆ ವಿಷಯಗಳಲ್ಲಿ ಮೊದಲು ತಪ್ಪದೆ ಬಂದಿದ್ದರಿಂದ ಮೂರು ವಾರದ ಪೆಟ್ಟು ತಡೆಯುತ್ತಿತ್ತು. ನನ್ನ ವಿಷಯದಲ್ಲಿ ಉಳಿದ ಐದು ವಾರ ತಪ್ಪದೆ ಬಂದರೂ ಅರುವತ್ತೆಂಟರ ಮೇಲೆ ಏರುವುದಿಲ್ಲ. ಹೊರೆ ಇಳಿಸುವ ದಾರಿ ಸಿಗದಿದ್ದರೆ ಹೊರೆಯನ್ನೇ ದೊಡ್ಡದು ಮಾಡಬೇಕು ಎಂಬ ವಿಚಿತ್ರ ವಿಚಾರ ಆಗ ಬಂತು. ದಿನಕ್ಕೊಂದು ಹೆಚ್ಚಿನ ಪಿರಿಯಡ್ಡು ತೆಗೆದುಕೊಂಡರೆ? ಐದು ವಾರದಲ್ಲಿ ಮೂವತ್ತು ಮಾಮೂಲಿನವು, ಮೂವತ್ತು ಹೆಚ್ಚಿನವು. ನೂರಾ ನಲವತ್ತನಾಲ್ಕಕ್ಕೆ ನೂರಾ ಎಂಟು. ಸರಿಯಾಗಿ ಮುಕ್ಕಾಲು. ಒಂದು ಪಿರಿಯಡ್ಡು ತಪ್ಪಿದರೂ ಮುಗಿಯಿತು.

“ಅರವತ್ತಕ್ಕ ಅರವತ್ತೂ ಬರ್ತೀಯೇನು?” ಎಂದು ಕೇಳಿದೆ.

“ಬಸ್ ಇಳಸಾಕ ಬಿಡ್ತೀರೇನ್ರಿ?” ಎಂದು ಅವನು ತಿರುಗಿ ಕೇಳಿದ.

ಪ್ರಾಚಾರ್ಯರ ಕೋಣೆಯಲ್ಲಿ ಸೋಮವಾರ ನನ್ನ ಮಾನ ಹರಾಜಾಯಿತು. ಗಾಡಿ ನಿಲ್ಲಿಸಬೇಕು, ಹನ್ನೊಂದರ ಗಣಿತವನ್ನು ಬೆಳಗಿನ ಜಾವಕ್ಕೆ ಒಯ್ದು ಆ ತಾಸು ಬಿಡುವು ಕೊಡಬೇಕು, ದಿನಕ್ಕೊಂದು ಹೆಚ್ಚಿನ ಪಿರಿಯಡ್ಡೂ ಬೇಕು ಎಂದಾಗ ಅವರು ಪೆನ್ನು ಕೆಳಗಿಟ್ಟರು.

“ನಡಿಯೂ ಗಾಡಿಗೆ ನೀವ ಕಲ್ಲ ಇಡತೀರೇನ್ರಿ? ಒಬ್ಬ ಹುಡುಗನ ಸಲುವಾಗಿ? ಒಂದು ದವಾಖಾನಿ ಸರ್ಟಿಫಿಕೇಟ್ ತರಸ್ರಿ, ನಾ ಸಹಿ ಮಾಡತೇನಿ, ಮುಗೀತು.”

“ಅವಗ ಜ್ವರ ಬಂದಿಲ್ರಿ ಸರ್. ಜ್ವರ ಬರಿಸಿದ್ದು ನಾನು.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಗಾಡಿಯನ್ನು ನೋಡಲು ಬೇರೆ ಕಾಲೇಜಿನವರನ್ನು ಕರೆಯುವ ಯೋಚನೆಯಲ್ಲಿದ್ದರೆಂದು ಆಮೇಲೆ ತಿಳಿಯಿತು. ಕೊನೆಗೆ, “ಗಾಡಿ ನಿಲ್ಲಸ್ರಿ, ಹೆಚ್ಚಿನ ಪಿರಿಯಡ್ಡು ಇಡ್ರಿ. ಆದ್ರ ಎಲ್ಲಾರ ಲೆಕ್ಕಕ್ಕೂ ಬರತಾವ. ಬರದಾಂವ ಕೆಳಗ ಬೀಳತಾನ. ಹುಡುಗ್ರು ಒಪ್ಪಿದ್ರ ನಂದೇನ ಅಡ್ಡಿಲ್ಲ” ಎಂದರು.

ತರಗತಿಯಲ್ಲಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಹೆಚ್ಚಿನದು ದಿನಾ ಏಳಕ್ಕೆ, ಮಂಗಳವಾರ ಶುಕ್ರವಾರದ ಹನ್ನೊಂದರದು ಆರಕ್ಕೇ. ನಲವತ್ತೊಂದು ಕಿಟಕಿಯ ಹೊರಗೆ ನೋಡುತ್ತಿದ್ದ. ಹುಡುಗರು ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು, ಅವರಿಗೂ ಹಾಜರಿ ಬೇಕಿತ್ತು. ನನಗೆ ಹೆದರಿಕೆ ಇದ್ದದ್ದು ಊರೊಳಗಿನ ಹುಡುಗಿಯರದು. ಅವರ ಹಾಜರಿ ತುಂಬಿ ತುಳುಕುತ್ತಿತ್ತು, ಇದರಲ್ಲಿ ಅವರಿಗೆ ನಷ್ಟವೇ ಹೊರತು ಲಾಭವಿಲ್ಲ. ಮುಂದಿನ ಬೆಂಚಿನವಳು ಎದ್ದಳು.

“ನಸುಕಿನ್ಯಾಗ ಬರ್ಬೇಕಂದ್ರ ಮನ್ಯಾಗ ಬೈತಾರ್ರಿ. ನೀವ ಬಂದು ನಮ್ಮಪ್ಪಗ ಹೇಳ್ರಿ ಮೇಡಮ್. ನಾವು ಬರ್ತೇವಿ.”

ಒಂದು ಸಂಜೆಯಲ್ಲಿ ನಾಲ್ಕು ಮನೆ ಹತ್ತಿ ಇಳಿದೆ. ನಾಲ್ಕು ಕಡೆಯೂ ಚಹಾ, ನಾಲ್ಕು ಕಡೆಯೂ “ಒಬ್ಬನ ಸಲುವಾಗಿ ಇಷ್ಟೆಲ್ಲಾ ಯಾಕ್ರಿ?” ಎಂಬ ಪ್ರಶ್ನೆ. ಹುಡುಗಿಯರೇ ಉತ್ತರ ಕೊಟ್ಟರು. ನಾನು ಚಹಾ ಕುಡಿದೆ.

ಮಾರನೆಯ ದಿನದಿಂದ ನಲವತ್ತೊಂದು ಮತ್ತೆ ಬಸ್ಸಿನ ನೆತ್ತಿಯ ಮೇಲಿದ್ದ. ಮುಚ್ಚಳದ ನಂಬರನ್ನು ಅವನು ತಿರುಗಿಯೂ ನೋಡುತ್ತಿರಲಿಲ್ಲವಂತೆ, ಅರಿವೆ ನೋಡಿಯೇ ಕೂಗುತ್ತಿದ್ದನಂತೆ.

ಮೂರನೆಯ ವಾರದ ತನಕ ಎಲ್ಲ ಸುಸೂತ್ರ. ಆ ಭಾನುವಾರ ಹಿಂಡು ಹೊಳೆ ದಾಟುತ್ತಿದೆ ಎಂದು ತಂದೆ ಹೇಳಿ ಕಳಿಸಿದ್ದರಿಂದ ಹುಡುಗ ಹೋದ. ಸೋಮವಾರದ ಎರಡು ಪಿರಿಯಡ್ಡಿಗೆ ಓಡುತ್ತ ಬಂದು ಸೇರಿ, ಮರಿಗಳು ಆಚೆ ದಂಡೆಯಲ್ಲಿ ಉಳಿದಿವೆ ಎಂದು ಮಧ್ಯಾಹ್ನ ಮತ್ತೆ ಹೋದ. ಮಂಗಳವಾರ ಆರಕ್ಕೆ ನಾನು ಹಾಜರಿ ಪುಸ್ತಕ ಬಿಚ್ಚಿದಾಗ ಅವನ ಜಾಗ ಖಾಲಿ. ಮೂವತ್ತೊಂಬತ್ತು ಕರೆದೆ, ನಲವತ್ತು ಕರೆದೆ. “ನಲವತ್ತೊಂದು” ಎಂದಾಗ ಹಿಂದಿನಿಂದ ಯಾರೋ “ಹಾಜರ್ ಮೇಡಮ್” ಎಂದರು. ದನಿ ಅವನದಲ್ಲ. ಕೋಣೆಯೆಲ್ಲ ನನ್ನ ಪೆನ್ನು ನೋಡಿತು.

ಬರೆದುಬಿಡಬಹುದಿತ್ತು. ಬರೆದಿದ್ದರೆ ಅವನು ತಾನೇ ಬಂದು ಗಳಿಸಿದ ಉಳಿದ ಹಾಜರಿಯೂ ಬಿಟ್ಟಿಯಾಗುತ್ತಿತ್ತು. ಗೈರು ಬರೆಯಲೂ ಕೈ ಏಳಲಿಲ್ಲ. ಹಾಜರಿಯನ್ನು ಪಿರಿಯಡ್ಡಿನ ಮೊದಲಿಗೇ ತೆಗೆದುಕೊಳ್ಳಬೇಕೆಂದು ನಿಯಮದಲ್ಲಿ ಎಲ್ಲಿಯೂ ಇರಲಿಲ್ಲ. ಪುಸ್ತಕ ಮುಚ್ಚಿದೆ.

“ಇವತ್ತ ಹಾಜರಿ ಕಡೀಕ ತಗೋತೇನಿ” ಎಂದು ಬೋರ್ಡಿನತ್ತ ತಿರುಗಿದೆ.

ಆ ದಿನ ಏನು ಕಲಿಸಿದೆನೋ ದೇವರಿಗೇ ಗೊತ್ತು. ಮುಗಿಯಲು ಹತ್ತು ನಿಮಿಷವಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಮೊಣಕಾಲ ತನಕ ಒಣಗಿದ ಕೆಸರು, ಕೈಯಲ್ಲಿ ಚಪ್ಪಲಿ. ಒಳಗೆ ಬಂದು ಕೂತ. ನಾನು ಪುಸ್ತಕ ಬಿಚ್ಚಿ ಒಂದರಿಂದ ಮತ್ತೆ ಕರೆದೆ. ಈ ಸಲ ನಲವತ್ತೊಂದರ “ಹಾಜರ್” ವರಾಂಡದ ತನಕ ಕೇಳಿಸಿತು.

ಟರ್ಮು ಮುಗಿದ ದಿನ ಮೂರು ಸಲ ಕೂಡಿದೆ. ನೂರಾ ನಲವತ್ತನಾಲ್ಕಕ್ಕೆ ನೂರಾ ಎಂಟು. ಪಟ್ಟಿಯಲ್ಲಿ ಬರೆಯಲು ಒಂದೂ ಹೆಸರಿರಲಿಲ್ಲ. ಖಾಲಿ ಹಾಳೆಗೆ ರುಜು ಹಾಕಿ ಕೊಟ್ಟೆ. ಪ್ರಾಚಾರ್ಯರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಡ್ರಾಯರಿನಲ್ಲಿಟ್ಟರು.

ಹಾಲ್ ಟಿಕೆಟ್ ಕೊಡುವ ದಿನ ಹುಡುಗನ ಜೊತೆ ಅವನ ತಂದೆಯೂ ಬಂದಿದ್ದ. ಟಿಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮಗನ ಫೋಟೋ ನೋಡಿದ, ಮಗನಿಗೆ ಕೊಟ್ಟ. ಆಮೇಲೆ ನನ್ನ ಕಡೆ ತಿರುಗಿ, “ಇವ ಎಲ್ಲಿ ಕುಂದರ್ತಾನ ತೋರಸ್ರಿ” ಎಂದ. ಖಾಲಿ ಕೋಣೆಗೆ ಕರೆದುಕೊಂಡು ಹೋಗಿ ಕಿಟಕಿಯ ಹತ್ತಿರದ ಮೂರನೆಯ ಬೆಂಚು ತೋರಿಸಿದೆ. ಅವನು ಹೋಗಿ ಅದರ ಮೇಲೆ ಅಂಗೈ ಇಟ್ಟ.

“ಇವನ ಎಡಕ್ಕ ಯಾರು ಕುಂದರ್ತಾರ್ರಿ? ಬಲಕ್ಕ ಯಾರು?”

ನನಗೆ ಅರ್ಥವಾಗಲಿಲ್ಲ.

“ಹಿಂಡಿನ್ಯಾಗ ಯಾವ ಕುರಿ ಯಾವುದರ ಮಗ್ಗಲ ನಿಂದರತದ ಅನ್ನೂದು ನಾವು ನೋಡಿರತೇವ್ರಿ. ಜೋಡಿ ತಪ್ಪಿದ್ರ ಅದು ಮೇಯೂದಿಲ್ಲ. ಅದಕ್ಕ ಕೇಳಿದೆ.”

ಆ ಹುಡುಗನ ಹಾಜರಿಯನ್ನು ನಾನು ಕೂಡಿ, ಕಳೆದು, ಭಾಗಿಸಿ ನೋಡಿದ್ದೆ. ಅವನ ಸಲುವಾಗಿ ಹೊಲ ತುಳಿದಿದ್ದೆ, ನಾಲ್ಕು ಮನೆಯ ಚಹಾ ಕುಡಿದಿದ್ದೆ. ಅವನ ಮಗ್ಗಲಿಗೆ ಯಾರು ಕೂರುತ್ತಾರೆ ಎಂದು ಒಂದು ದಿನವೂ ನೋಡಿರಲಿಲ್ಲ. “ಗೊತ್ತಿಲ್ರಿ” ಎಂದೆ. ಅಷ್ಟು ನಾಚಿಕೆ ನನಗೆ ಪ್ರಾಚಾರ್ಯರ ಕೋಣೆಯಲ್ಲೂ ಆಗಿರಲಿಲ್ಲ.

“ಎಡಕ್ಕ ಇಳಕಲ್ಲಿನಾಂವ, ಬಲಕ್ಕ ಶಿರೂರಾಂವ” ಎಂದು ಹುಡುಗ ಬಾಗಿಲಿನಿಂದ ಹೇಳಿದ.

ತಂದೆ ಎರಡೂ ಬದಿಯ ಜಾಗವನ್ನು ಒಂದೊಂದಾಗಿ ನೋಡಿ ತಲೆಯಾಡಿಸಿದ. “ಚಲೋ ಆತು” ಎಂದ. ಹೊರಡುವಾಗ ರುಮಾಲು ಸರಿಮಾಡಿಕೊಳ್ಳುತ್ತ ನನಗೆ ಹೇಳಿದ, “ನೀವೂ ಅಷ್ಟ ನೋಡಿ ಇಟ್ಟಕೊಂಡಿರ್ರಿ ಬಾಯಾರ. ಕಾಯಾಕ ಹಗುರ ಆಗತದ.”